ಮಾತಾಡದ ಹುಡುಗಿ, 'ನೀನು' ಅನ್ನುವ ಹುಡುಗ

ಪ್ರಶ್ನೆ: ನಾನು ಮಂಡ್ಯ ಕಡೆಯವಳು. ಬೆಂಗಳೂರಿನಲ್ಲಿ ಬಿ.ಇಡಿ. ಎರಡನೇ ವರ್ಷ ಓದುತ್ತಿದ್ದೇನೆ. ಗಣಿತ, ವಿಜ್ಞಾನ ನನ್ನ ವಿಷಯಗಳು. ಇಂಟರ್ನ್‌ಶಿಪ್‌ಗೆ ಊರಂಚಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಿದ್ದೇನೆ. 8ನೇ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಟ್ಟಡ ಕೆಲಸದವರ ಮಕ್ಕಳು. ಯಾದಗಿರಿ, ರಾಯಚೂರು ಕಡೆಯವರು, ಆಂಧ್ರದವರು, ಬಿಹಾರದವರು, ಉರ್ದು ಮಾತಾಡುವವರು ಎಲ್ಲರೂ ಇದ್ದಾರೆ. ಯಾದಗಿರಿ ಕಡೆಯ ಲಂಬಾಣಿ ತಾಂಡಾದಿಂದ ಬಂದ ಒಬ್ಬ ಹುಡುಗಿ ಮೂರು ವಾರದಿಂದ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಏನಾದರೂ ಕೇಳಿದರೆ ನೆಲ ನೋಡುತ್ತಾಳೆ. ದಾಖಲೆಯಲ್ಲಿ ಅವಳ ಮಾತೃಭಾಷೆ ಕನ್ನಡ ಅಂತಲೇ ಇದೆ. ಬಿಹಾರದ ಒಬ್ಬ ಹುಡುಗ ನನ್ನನ್ನೇ 'ನೀನು' ಅನ್ನುತ್ತಾನೆ, ಉಳಿದವರು ನಗುತ್ತಾರೆ. ಪೋಷಕರನ್ನು ಕರೆದರೆ ಯಾರೂ ಬರುವುದಿಲ್ಲ. 'ಅಂತರ್‌ಸಾಂಸ್ಕೃತಿಕ ಸಂವಹನ' ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತರಗತಿಯಲ್ಲಿ ಅದು ಯಾವುದೂ ನೆನಪಿಗೆ ಬರಲಿಲ್ಲ. ಇದನ್ನು ನಿಜವಾಗಿ ಕಲಿಯುವುದು ಹೇಗೆ? ಗಣಿತದ ಶಿಕ್ಷಕಿಗೂ ಇದು ಬೇಕಾ?

ಉತ್ತರ: ಬೇಕು. ಗಣಿತದವರಿಗೆ ಸ್ವಲ್ಪ ಜಾಸ್ತಿಯೇ ಬೇಕು. ಮಕ್ಕಳ ಮನೆಮಾತು ಬೇರೆ ಬೇರೆ ಅನ್ನುವುದು ಕನ್ನಡ ಕಲಿಸುವವರಿಗೆ ಮೊದಲ ವಾರವೇ ಗೊತ್ತಾಗುತ್ತದೆ. ಮಕ್ಕಳು ಬರೆದ ಮೊದಲ ಪುಟದಲ್ಲೇ ಕಾಣುತ್ತದೆ. ಗಣಿತದವರಿಗೆ ಅದು ವರ್ಷವಾದರೂ ಕಾಣದೆ ಹೋಗಬಹುದು. ಅಂಕಿಗೆ ಭಾಷೆ ಇಲ್ಲ ಅಂತ ನಾವು ನಂಬಿರುತ್ತೇವೆ. ಉತ್ತರ ತಪ್ಪಾದರೆ 'ಲೆಕ್ಕ ಬರಲ್ಲ' ಅಂದುಬಿಡುತ್ತೇವೆ. ಲೆಕ್ಕ ಬರಲಿಲ್ಲವೋ, ಲೆಕ್ಕ ಹೇಳಿದ ಮಾತು ತಲುಪಲಿಲ್ಲವೋ ಅಂತ ನೋಡುವುದಿಲ್ಲ.

ಮೊದಲು ಆ ದೊಡ್ಡ ಪದವನ್ನು ಸ್ವಲ್ಪ ಕೆಳಗಿಳಿಸೋಣ. ಬೇರೆ ಬೇರೆ ರೂಢಿಯಲ್ಲಿ ಬೆಳೆದ ಇಬ್ಬರು ಮಾತಾಡುವಾಗ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆ ಏನೋ ಆಗಿ ಕೇಳಿಸುತ್ತದೆ. ಅದು ಎಲ್ಲಿ ತಪ್ಪಿತು ಅಂತ ಗಮನಿಸಿ ಸರಿಮಾಡಿಕೊಳ್ಳುವುದೇ ಈ ವಿದ್ಯೆ. ಇದನ್ನು ಒಂದು ಕಲಿಕೆಯ ವಿಷಯವಾಗಿ ಕಟ್ಟಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಮುಖ್ಯರು. 1930ರ ದಶಕದಲ್ಲಿ ಅವರು ಅಲ್ಲಿನ ಮೂಲನಿವಾಸಿಗಳಾದ ನವಾಹೊ ಮತ್ತು ಹೋಪಿ ಜನರ ನಾಡಿನಲ್ಲಿ ಕೆಲಸ ಮಾಡಿದ್ದರು. 1950ರ ದಶಕದಲ್ಲಿ ಹೊರದೇಶಗಳಿಗೆ ಹೋಗುವ ಸರ್ಕಾರಿ ಅಧಿಕಾರಿಗಳಿಗೆ ತರಬೇತಿ ಕೊಡುತ್ತಿದ್ದರು. ಅವರು ಬಾಯಿಮಾತಿಗಿಂತ ಬೇರೆ ಸಂಗತಿಗಳ ಕಡೆ ಬೆರಳು ತೋರಿಸಿದರು. ಎಷ್ಟು ಹತ್ತಿರ ನಿಲ್ಲುತ್ತೇವೆ, ಎಷ್ಟು ಹೊತ್ತು ಕಾಯುತ್ತೇವೆ, ಯಾವಾಗ ಸುಮ್ಮನಾಗುತ್ತೇವೆ, ಇವೆಲ್ಲ ಮಾತಾಡುತ್ತವೆ ಅಂದರು. ಬೇರೆಯವರ ರೂಢಿ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮದು ಬೀಳುವುದಿಲ್ಲ. ನಮ್ಮ ರೂಢಿ ನಮಗೆ ರೂಢಿ ಅಂತಲೇ ಅನ್ನಿಸುವುದಿಲ್ಲ, 'ಸರಿಯಾದದ್ದು' ಅನ್ನಿಸುತ್ತದೆ.

ಹಾಗಾಗಿ ಲಂಬಾಣಿಗರು ಹೀಗೆ, ಬಿಹಾರದವರು ಹಾಗೆ ಅಂತ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ನಿಮ್ಮಿಂದಲೇ ಶುರು ಮಾಡಿ.

ನನ್ನ ಅನುಭವ ಹೇಳುತ್ತೇನೆ. ನಾನು ಸಾಗರದ ಕಡೆಯವಳು. ಮೊದಲ ಕೆಲಸ ಸಿಕ್ಕಿದ್ದು ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಅದು ಗುಲಬರ್ಗಾ ಜಿಲ್ಲೆ. ಹೋದ ಎರಡನೇ ದಿನ ಬೆಳಿಗ್ಗೆ ಪ್ರೀತಿಯಿಂದ ಹುಡುಗಿಯರನ್ನು 'ತಿಂಡಿ ಆಯ್ತೇನ್ರೇ?' ಅಂತ ಕೇಳಿದೆ. ಎಲ್ಲರೂ ಬಾಯಿಗೆ ಕೈ ಇಟ್ಟು ನಕ್ಕರು. ಆ ಕಡೆ ತಿಂಡಿ ಅಂದರೆ ತುರಿಕೆ. ಬೆಳಗಿನ ಊಟಕ್ಕೆ ನಾಷ್ಟಾ ಅನ್ನುತ್ತಾರೆ. ಇದು ಗೊತ್ತಾದ ಮೇಲೆ ನಾನೂ ನಕ್ಕೆ. ಆ ತಪ್ಪು ಸುಲಭದ್ದು. ಪದ ತಪ್ಪಿದರೆ ಯಾರಾದರೂ ನಗುತ್ತಾರೆ, ನಮಗೆ ತಿಳಿಯುತ್ತದೆ.

ತಿಳಿಯದೆ ಹೋದ ತಪ್ಪು ಬೇರೆ. ಪಕ್ಕದ ತಾಂಡಾದಿಂದ ಒಬ್ಬ ಹುಡುಗ ಬರುತ್ತಿದ್ದ. ಮನಸ್ಸಿನಲ್ಲೇ ಗುಣಾಕಾರ ಮಾಡುವುದರಲ್ಲಿ ಅವನಂಥವರು ಇರಲಿಲ್ಲ. ದೀಪಾವಳಿ ಆದ ಮೇಲೆ ಬರಲೇ ಇಲ್ಲ. ನಾನು ಎರಡು ವಾರ ಕಾದೆ. ಆಮೇಲೆ ಅವನ ಬಗ್ಗೆ 'ಓದಿನಲ್ಲಿ ಆಸಕ್ತಿ ಇಲ್ಲ, ಪೋಷಕರ ಸಹಕಾರ ಇಲ್ಲ' ಅಂತ ಬರೆದೆ. ಯುಗಾದಿ ಕಳೆದು ಅವನು ವಾಪಸ್ ಬಂದ. ಮನೆಮಂದಿಯೆಲ್ಲ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿದ್ದರಂತೆ. ಆ ಗುಂಪಿನಲ್ಲಿ ಓದು ಬರುತ್ತಿದ್ದವನು ಇವನೊಬ್ಬನೇ. ಯಾವ ದಿನ ಎಷ್ಟು ಟನ್ ತೂಕ ಆಯಿತು, ಮುಂಗಡದಲ್ಲಿ ಎಷ್ಟು ಮುರಿದುಕೊಂಡರು, ಎಷ್ಟು ಉಳಿಯಿತು ಅಂತ ಲೆಕ್ಕ ಬರೆದಿಟ್ಟವನು ಅವನೇ. ಒಂದು ಚಿಕ್ಕ ನೋಟ್‌ಬುಕ್ ತೋರಿಸಿದ. ನಾನು ಆಸಕ್ತಿ ಇಲ್ಲ ಅಂತ ಬರೆದ ತಿಂಗಳುಗಳಲ್ಲಿ ಅವನು ದಿನಾ ಗಣಿತ ಮಾಡಿದ್ದ. ಆ ವರ್ಷದ ಪರೀಕ್ಷೆಗೆ ಅವನು ಕೂರಲಿಲ್ಲ. ತಾಂಡಾಕ್ಕೆ ಒಂದು ಸಲ ಹೋಗಿ ಕೇಳಿದ್ದರೆ ಸಾಕಿತ್ತು. ಮೂರು ಕಿಲೋಮೀಟರ್ ಕೂಡ ಇರಲಿಲ್ಲ. ಇವತ್ತಿಗೂ ನನಗೆ ಅದು ನೋವು.

ಆ ನೋವಿನಿಂದ ಕಲಿತ ಒಂದು ಅಭ್ಯಾಸವನ್ನು ನಿಮಗೆ ಕೊಡುತ್ತೇನೆ. ಅಂತರ್‌ಸಾಂಸ್ಕೃತಿಕ ತರಬೇತಿಗಳಲ್ಲಿ ಬಹಳ ಕಾಲದಿಂದ ಇರುವ ಅಭ್ಯಾಸವೇ ಇದು. ನಾನು ನನ್ನ ಮಾತಿನಲ್ಲಿ ಹೇಳಿಕೊಂಡಿದ್ದೇನೆ, ಅಷ್ಟೇ. ನೋಟ್‌ಬುಕ್‌ನ ಪುಟದಲ್ಲಿ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಮೊದಲನೆಯದು 'ಕಂಡದ್ದು'. ಎರಡನೆಯದು 'ಅಂದುಕೊಂಡದ್ದು'. ಮೂರನೆಯದು 'ಅನ್ನಿಸಿದ್ದು'. ದಿನಕ್ಕೆ ಒಂದೇ ಒಂದು ಘಟನೆ ಬರೆಯಿರಿ.

ನಿಮ್ಮ ಪತ್ರವನ್ನೇ ಹೀಗೆ ಬಿಡಿಸಿ ನೋಡೋಣ. 'ಕೇಳಿದರೆ ನೆಲ ನೋಡುತ್ತಾಳೆ' ಎಂದು ಬರೆದಿದ್ದೀರಿ. ಇದು ಕಂಡದ್ದು. ತುಂಬಾ ಚೆನ್ನಾಗಿ ಗಮನಿಸಿದ್ದೀರಿ. 'ನನ್ನನ್ನೇ ನೀನು ಅನ್ನುತ್ತಾನೆ' ಎಂದಿದ್ದೀರಿ. ಅಲ್ಲಿ 'ನೀನು' ಅಂದದ್ದು ಕೇಳಿದ್ದು, ಅದೂ ಮೊದಲನೇ ಭಾಗದ್ದೇ. ಆದರೆ 'ನನ್ನನ್ನೇ' ಅನ್ನುವಲ್ಲಿ ಆ ಕೊನೆಯ 'ಏ' ಇದೆಯಲ್ಲ, ಅದು ಮೂರನೆಯ ಭಾಗದ್ದು. ಟೀಚರ್ ಆದ ನನ್ನನ್ನೇ, ಎಷ್ಟು ಧೈರ್ಯ ಅನ್ನುವ ಬೇಸರ ಆ ಒಂದು ಅಕ್ಷರದಲ್ಲಿ ಕೂತಿದೆ. ಬೇಸರ ತಪ್ಪಲ್ಲ. ಅದು ಕಂಡದ್ದರ ಜೊತೆ ಬೆರೆತುಹೋದರೆ ಮಾತ್ರ ತೊಂದರೆ.

ಈಗ ನಡುವಿನ ಭಾಗಕ್ಕೆ ಬನ್ನಿ. ಅವನು 'ನೀನು' ಅಂದದ್ದಕ್ಕೆ ಎಷ್ಟು ಕಾರಣ ಇರಬಹುದು? ಕನಿಷ್ಠ ಮೂರು ಬರೆಯಬೇಕು ಅನ್ನುವುದು ನಾನು ಹಾಕಿಕೊಂಡ ನಿಯಮ. ಒಂದೇ ಕಾರಣ ಬರೆದರೆ ಅದು ನಮಗೆ ಮೊದಲೇ ಇದ್ದ ಅನುಮಾನ ಆಗಿರುತ್ತದೆ. ಆ ಹುಡುಗ ಕನ್ನಡ ಕಲಿತದ್ದು ಎಲ್ಲಿ? ಶೆಡ್‌ಗಳ ನಡುವೆ ಆಡುವಾಗ, ಅಂಗಡಿಯಲ್ಲಿ, ಕ್ರಿಕೆಟ್‌ನಲ್ಲಿ. ಅಲ್ಲಿ ಅವನನ್ನು ಯಾರೂ 'ನೀವು' ಅಂದಿಲ್ಲ. ಅವನ ಗೆಳೆಯರೂ ಒಬ್ಬರಿಗೊಬ್ಬರು ಅಂದಿಲ್ಲ. ಅವನ ಕಿವಿಗೆ ಬಿದ್ದ ಕನ್ನಡದಲ್ಲಿ 'ನೀನು' ಮಾತ್ರ ಇದೆ. ಅದೇ ಹುಡುಗ ಹಿಂದಿಯಲ್ಲಿ ಮಾತಾಡುವಾಗ ನಿಮ್ಮನ್ನು 'ಆಪ್' ಅನ್ನುತ್ತಾನಾ ಅಂತ ಒಮ್ಮೆ ಗಮನಿಸಿ. ಹಾಗೆ ಕರೆದರೆ ಮರ್ಯಾದೆ ಗೊತ್ತಿದೆ, ಕನ್ನಡದಲ್ಲಿ ಅದರ ರೂಪ ಗೊತ್ತಿಲ್ಲ ಅಂತ ಅರ್ಥ. ಅಂದ ಹಾಗೆ ಬಿಹಾರ ಅಂದ ತಕ್ಷಣ ಮನೆಮಾತು ಹಿಂದಿ ಅಂತಲೂ ಅಂದುಕೊಳ್ಳಬೇಡಿ. ಭೋಜ್‌ಪುರಿ, ಮೈಥಿಲಿ, ಮಗಹಿ ಯಾವುದೂ ಇರಬಹುದು. ಹಿಂದಿಯೇ ಅವನಿಗೆ ಎರಡನೆಯ ಭಾಷೆ, ಕನ್ನಡ ಮೂರನೆಯದು ಆಗಿರಬಹುದು.

ಎಲ್ಲರ ಮುಂದೆ ಅವನನ್ನು ತಿದ್ದಬೇಡಿ. ಒಂದು ವಾರ ನೀವೇ ಇಡೀ ತರಗತಿಯನ್ನು ಬಹುವಚನದಲ್ಲಿ ಮಾತಾಡಿಸಿ. ಒಬ್ಬೊಬ್ಬರನ್ನೂ 'ನೀವು ಹೇಳಿ', 'ನೀವು ಬೋರ್ಡ್ ಹತ್ತಿರ ಬನ್ನಿ' ಅನ್ನಿ. ಕಿವಿಗೆ ಬಿದ್ದದ್ದು ಬಾಯಿಗೆ ಬರುತ್ತದೆ. ಮಕ್ಕಳಿಗೆ ಖುಷಿಯೂ ಆಗುತ್ತದೆ, ಎಷ್ಟೋ ಮಕ್ಕಳನ್ನು ಜೀವನದಲ್ಲಿ ಮೊದಲ ಸಲ ಯಾರೋ ಹಾಗೆ ಕರೆದಿರುತ್ತಾರೆ. ನಿಜಕ್ಕೂ ನೀವು ನಿಲ್ಲಿಸಬೇಕಾದದ್ದು ಉಳಿದವರ ನಗುವನ್ನು.

ನಗುವಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಯೇ ಇಲ್ಲ. ನಿಮ್ಮ ಕಡೆ ಹಾಲು ಎಷ್ಟೋ ಬಾಯಲ್ಲಿ 'ಆಲು' ಆಗುತ್ತದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಿಮ್ಮ ಮಾತಿಗೂ ಯಾರಾದರೂ ನಕ್ಕಿರಬಹುದು. ಆವತ್ತು ಹೊಟ್ಟೆಯೊಳಗೆ ಏನಾಯಿತು ಅಂತ ನೆನಪಿಸಿಕೊಳ್ಳಿ. ಆ ನೆನಪು ಯಾವ ಪಠ್ಯಕ್ಕಿಂತಲೂ ನಿಮಗೆ ಜಾಸ್ತಿ ಕಲಿಸುತ್ತದೆ. ಹಾಗೇ ನಿಮ್ಮ ಬಾಯಲ್ಲಿ ಸಲಿಗೆಯಿಂದ ಬರುವ 'ಯಾಕ್ಲಾ', 'ಏನ್ಲಾ' ರಾಯಚೂರಿನ ಹುಡುಗನ ಕಿವಿಗೆ ಗದರಿಸಿದ ಹಾಗೆ ಕೇಳಬಹುದು. ಅವನು ಮಾತಿನ ಕೊನೆಗೆ 'ರೀ' ಕೇಳಿ ಬೆಳೆದವನು. ಕನ್ನಡ ಕನ್ನಡದ ನಡುವೆಯೇ ಇಷ್ಟು ದೂರ ಇದೆ ಅಲ್ವಾ?

ಈಗ ಆ ಹುಡುಗಿಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲೋಣ.

ದಾಖಲೆಯಲ್ಲಿ ಕನ್ನಡ ಅಂತ ಇದ್ದರೂ ತಾಂಡಾದ ಮನೆಗಳಲ್ಲಿ ಮಾತು ಗೋರ್ ಬೋಲಿ. ನಾವು ಲಂಬಾಣಿ ಭಾಷೆ ಅನ್ನುವುದು ಅದನ್ನೇ. ಅದು ರಾಜಸ್ಥಾನದ ಮಾತುಗಳ ಬಳಗದ್ದು, ಕನ್ನಡದ ನಂಟಿನದಲ್ಲ. ತಾಯಿಗೆ ಯಾಡಿ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ಜನಗಣತಿಯಲ್ಲಿ ಇದನ್ನು ಹಿಂದಿಯ ಗುಂಪಿಗೆ ಸೇರಿಸಿ ಎಣಿಸುತ್ತಾರೆ. ಶಾಲೆಯಲ್ಲಿ ಎಷ್ಟೋ ಸಲ ಸುಮ್ನೆ ಕನ್ನಡ ಅಂತ ಬರೆದುಬಿಡುತ್ತಾರೆ. ಹೀಗೆ ಅವಳ ಮನೆಮಾತು ಶಾಲೆಯ ಕಾಗದದಲ್ಲಿ ಕಾಣುವುದೇ ಇಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆ ಅಂತ ಬರೆಸಿದವರು ನೂರಕ್ಕೆ ಸುಮಾರು 66 ಜನ. ಉಳಿದ ಮೂರನೇ ಒಂದು ಪಾಲು ಮನೆಗಳ ಮಕ್ಕಳು ನಮ್ಮ ಕನ್ನಡ ಶಾಲೆಗೆ ಬರುವಾಗ ಒಂದು ಹೊಸ್ತಿಲು ಜಾಸ್ತಿ ದಾಟುತ್ತಾರೆ. ನಾವು ಆ ಹೊಸ್ತಿಲನ್ನು ನೋಡಿರುವುದಿಲ್ಲ.

'ಆದರೆ ಅವಳು ಆಟದ ಬಯಲಿನಲ್ಲಿ ಗೆಳತಿಯರ ಜೊತೆ ಕನ್ನಡ ಮಾತಾಡುತ್ತಾಳಲ್ಲ' ಅಂತ ನೀವು ಕೇಳಬಹುದು. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ 1980ರ ಆಸುಪಾಸಿನಲ್ಲಿ ಇದನ್ನೇ ವಿವರಿಸಿದರು. ವಲಸೆ ಬಂದ ಮಕ್ಕಳು ಹೊಸ ಭಾಷೆಯ ಆಡುಮಾತನ್ನು ಸುಮಾರು 2 ವರ್ಷದಲ್ಲಿ ಹಿಡಿಯುತ್ತಾರೆ. ಪಾಠದ ಭಾಷೆಯಲ್ಲಿ ಓರಗೆಯ ಮಕ್ಕಳ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕಾಗುತ್ತದೆ. ನಿಮ್ಮ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. 'ಚೆಂಡು ಕೊಡೇ' ಅನ್ನುವ ಕನ್ನಡ ಬೇರೆ. 'ದ್ರವ್ಯರಾಶಿ', 'ವೇಗೋತ್ಕರ್ಷ', 'ಅನುಲೋಮಾನುಪಾತ' ಅನ್ನುವ ಕನ್ನಡ ಬೇರೆ. ಎರಡನೆಯದು ಮಂಡ್ಯದ ಹುಡುಗಿಗೂ ಪರಭಾಷೆಯ ಹಾಗೇ ಇರುತ್ತದೆ, ತಾಂಡಾದ ಹುಡುಗಿಗೆ ಹೇಗಿರಬೇಡ? 'ಮಾತಾಡಕ್ಕೆ ಬರುತ್ತೆ, ಬೇಕಂತಲೇ ಉತ್ತರ ಹೇಳಲ್ಲ' ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಕೇಳಿದರೆ ದಯವಿಟ್ಟು ತಲೆ ಆಡಿಸಬೇಡಿ.

ಇನ್ನು ಮೌನ. ಅಮೆರಿಕದ ಒರೆಗಾನ್‌ನಲ್ಲಿ ವಾರ್ಮ್ ಸ್ಪ್ರಿಂಗ್ಸ್ ಅಂತ ಮೂಲನಿವಾಸಿಗಳ ನೆಲೆ ಇದೆ. ಅಲ್ಲಿನ ಮಕ್ಕಳು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಅನ್ನುವುದು ಶಿಕ್ಷಕರ ದೂರಾಗಿತ್ತು. 1970ರ ಆಸುಪಾಸಿನಲ್ಲಿ ಸೂಸನ್ ಫಿಲಿಪ್ಸ್ ಅನ್ನುವ ಸಂಶೋಧಕಿ ಆ ತರಗತಿಗಳಲ್ಲಿ ಕೂತು ನೋಡಿದರು. ಒಬ್ಬರನ್ನೇ ಎಬ್ಬಿಸಿ ಎಲ್ಲರ ಮುಂದೆ ಉತ್ತರ ಕೇಳಿದಾಗ ಮಾತ್ರ ಆ ಮಕ್ಕಳು ಸುಮ್ಮನಾಗುತ್ತಿದ್ದರು. ಶಿಕ್ಷಕರ ಹತ್ತಿರ ಒಬ್ಬರೇ ಇದ್ದಾಗ ಅಥವಾ ಸಣ್ಣ ಗುಂಪಿನಲ್ಲಿ ಕೆಲಸ ಮಾಡುವಾಗ ಚೆನ್ನಾಗಿಯೇ ಮಾತಾಡುತ್ತಿದ್ದರು. ಎಲ್ಲರ ಕಣ್ಣೆದುರು ನಿಂತು ತಪ್ಪು ಮಾಡುತ್ತಾ ಕಲಿಯುವುದು ಅವರ ಮನೆಗಳ ರೂಢಿ ಆಗಿರಲಿಲ್ಲ. ಎದ್ದು ನಿಲ್ಲು, ಗಟ್ಟಿಯಾಗಿ ಹೇಳು, ನನ್ನ ಕಣ್ಣು ನೋಡು, ಇವೆಲ್ಲ ಶಾಲೆಯ ರೂಢಿ. ಕಲಿಕೆಗೆ ಇದೊಂದೇ ದಾರಿ ಅಂತ ಏನೂ ಇಲ್ಲ. ದೊಡ್ಡವರು ಮಾತಾಡಿಸಿದಾಗ ನೆಲ ನೋಡುವುದು ಮರ್ಯಾದೆ ಅಂತ ಕಲಿತ ಹೆಣ್ಣುಮಕ್ಕಳು ನಮ್ಮ ನಾಡಿನ ಎಲ್ಲ ಕಡೆ ಇದ್ದಾರೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ.

ಇದಕ್ಕೆ ಇನ್ನೂ ಒಂದು ಸೇರಿಸಿ. ನೀವು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ? ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ರೆಕಾರ್ಡ್ ಮಾಡಿ ಅಳೆದರು. ಶಿಕ್ಷಕರು ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಮಾಡಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಟ್ಟರು. ಕನ್ನಡದಲ್ಲಿ ಕೇಳಿ, ಗೋರ್ ಬೋಲಿಯಲ್ಲಿ ಯೋಚಿಸಿ, ಮತ್ತೆ ಕನ್ನಡಕ್ಕೆ ತಂದು ಹೇಳಬೇಕಾದ ಮಗುವಿಗೆ 1 ಸೆಕೆಂಡ್ ಎಲ್ಲಿ ಸಾಕು? ನಿಮ್ಮ ಜೊತೆಯ ಇಂಟರ್ನ್ ಒಬ್ಬರನ್ನು ವಾಚ್ ಹಿಡಿದು ಹಿಂದಿನ ಬೆಂಚಿನಲ್ಲಿ ಕೂರಿಸಿ. ಅಳೆದು ಹೇಳಲಿ. ನನಗೆ ಮೊದಲ ಸಲ ಅಳೆದುಕೊಟ್ಟಾಗ ನಂಬಲು ಆಗಲಿಲ್ಲ.

ಸದ್ಯಕ್ಕೆ ಅವಳನ್ನು ಬೋರ್ಡಿಗೆ ಕರೆಯಬೇಡಿ. ಉತ್ತರವನ್ನು ಸ್ಲೇಟಿನಲ್ಲೋ ಚೀಟಿಯಲ್ಲೋ ಎಲ್ಲರೂ ಬರೆದು ತೋರಿಸುವ ಹಾಗೆ ಮಾಡಿ, ಅವಳೂ ಅದರಲ್ಲಿ ಸೇರಿಹೋಗುತ್ತಾಳೆ. ಅದೇ ಭಾಷೆಯ ಇನ್ನೊಂದು ಮಗು ಇದ್ದರೆ ಇಬ್ಬರನ್ನೂ ಜೊತೆಗೆ ಕೂರಿಸಿ. ಅವರ ಮಾತಿನಲ್ಲೇ ಲೆಕ್ಕ ಮಾಡಲಿ. 'ಕನ್ನಡದಲ್ಲೇ ಮಾತಾಡಿ' ಅಂತ ಅಲ್ಲಿ ಗದರಬೇಡಿ. ಮನೆಮಾತಿನಲ್ಲಿ ಬಿಡಿಸಿದ ಲೆಕ್ಕ ಆಮೇಲೆ ಕನ್ನಡಕ್ಕೂ ಬರುತ್ತದೆ. ಬಿಡಿಸಲಾಗದ ಲೆಕ್ಕ ಯಾವ ಭಾಷೆಗೂ ಬರುವುದಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

ಆದರೆ ಒಂದು ಎಚ್ಚರಿಕೆ. ಎಲ್ಲವನ್ನೂ ಸಂಸ್ಕೃತಿಯ ಲೆಕ್ಕಕ್ಕೆ ಹಾಕಬೇಡಿ. ಅವಳಿಗೆ ಕಿವಿ ಸರಿಯಾಗಿ ಕೇಳುತ್ತದಾ? ಬೋರ್ಡ್ ಕಾಣುತ್ತದಾ? ಬೆಳಿಗ್ಗೆ ಏನಾದರೂ ತಿಂದು ಬರುತ್ತಾಳಾ? ತಮ್ಮನನ್ನು ನೋಡಿಕೊಂಡು ರಾತ್ರಿ ನಿದ್ದೆ ಇಲ್ಲವಾ? ಯಾರಾದರೂ ಹೆದರಿಸಿದ್ದಾರಾ? ಹಸಿವನ್ನೂ ಭಯವನ್ನೂ 'ಅವರ ಕಡೆ ಹಾಗೇ' ಅಂತ ಅಂದುಕೊಂಡರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. 'ಲಂಬಾಣಿ ಹುಡುಗಿಯರು ನಾಚಿಕೆ ಜಾಸ್ತಿ' ಅನ್ನುವ ಒಂದು ವಾಕ್ಯ ನಿಮ್ಮ ತಲೆಯಲ್ಲಿ ಹುಟ್ಟಿದರೆ ಅಲ್ಲಿಗೆ ಆ ಹುಡುಗಿ ನಿಮಗೆ ಕಾಣುವುದು ನಿಂತಿತು ಅಂತಲೇ ತಿಳಿಯಿರಿ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆ ಮುಂದೆ ಮೇರಾ ಹಾಡುವವರು ಆ ಹೆಣ್ಣುಮಕ್ಕಳೇ.

ಇದರ ಎದುರು ಬದಿಯ ತಪ್ಪೂ ಇದೆ, ಅದು ಒಳ್ಳೆಯ ಶಿಕ್ಷಕರದ್ದು. 'ನನಗೆ ಎಲ್ಲ ಮಕ್ಕಳೂ ಒಂದೇ' ಅನ್ನುತ್ತೇವಲ್ಲ, ಅದು. ನಾನೂ ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿದ್ದೇನೆ. ಅಮೆರಿಕದ ಸಂಶೋಧಕ ಮಿಲ್ಟನ್ ಬೆನೆಟ್ 1986ರಲ್ಲಿ ಇನ್ನೊಂದು ಸಂಸ್ಕೃತಿಯನ್ನು ನೋಡುವ ನಮ್ಮ ಮನಸ್ಸು ಬೆಳೆಯುವ ಬಗೆಯನ್ನು 6 ಹಂತಗಳಲ್ಲಿ ವಿವರಿಸಿದರು. ಅದರಲ್ಲಿ 'ಎಲ್ಲರೂ ಒಂದೇ' ಅನ್ನುವುದು ಮೂರನೆಯದು, ಅರ್ಧ ದಾರಿ ಅಷ್ಟೇ. ಪ್ರೀತಿಯಲ್ಲಿ, ನ್ಯಾಯದಲ್ಲಿ ಎಲ್ಲರೂ ಒಂದೇ ಆಗಲಿ. ಆದರೆ ಎಲ್ಲರೂ ಒಂದೇ ಥರ ಅಂತ ಪಾಠ ಮಾಡಿದರೆ ಆ 'ಒಂದೇ ಥರ' ನಮ್ಮ ಥರವೇ ಆಗಿರುತ್ತದೆ.

ಗಣಿತಕ್ಕೆ ಬರುತ್ತೇನೆ, ನಿಮ್ಮ ಕೈಯಲ್ಲಿ ಇರುವ ದೊಡ್ಡ ಅವಕಾಶ ಇಲ್ಲಿದೆ. ಮೊದಲು ಎಣಿಕೆ. ನಮ್ಮ ಇಪ್ಪತ್ತೊಂಬತ್ತು ಇಪ್ಪತ್ತರ ಮೇಲೆ ಒಂಬತ್ತು. ಹಿಂದಿ, ಉರ್ದುವಿನ ಉನ್ತೀಸ್ ಮೂವತ್ತಕ್ಕೆ ಒಂದು ಕಡಿಮೆ. ನೀವು 'ಮೂವತ್ತೊಂಬತ್ತು' ಅಂದಾಗ ಆ ಮಗು ತಲೆಯಲ್ಲಿ ಅದನ್ನು ಉನ್ತಾಲೀಸ್ ಮಾಡಿಕೊಂಡು ಆಮೇಲೆ ಕೂಡುತ್ತದೆ. ತಡವಾದರೆ ಅದು ದಡ್ಡತನ ಅಲ್ಲ, ಎರಡು ಕೆಲಸ. ಮಗ್ಗಿಯನ್ನು ಅವರವರ ಭಾಷೆಯಲ್ಲಿ ಹೇಳಲು ಬಿಡಿ. ಒಂದು ದಿನ ತರಗತಿಯ ಎಲ್ಲ ಭಾಷೆಗಳ ಎಣಿಕೆಯನ್ನೂ ಬೋರ್ಡಿನಲ್ಲಿ ಪಕ್ಕಪಕ್ಕ ಬರೆಸಿ. ನಮ್ಮ ಒಂಬತ್ತರಲ್ಲೂ 'ಹತ್ತಕ್ಕೆ ಒಂದು ಕಡಿಮೆ' ಅನ್ನುವುದು ಅಡಗಿದೆ ಅಂತ ತೋರಿಸಿ.  ಕನ್ನಡದ ಮಕ್ಕಳಿಗೂ ಆವತ್ತು ತಮ್ಮ ಭಾಷೆ ಹೊಸದಾಗಿ ಕಾಣುತ್ತದೆ.

ಆಮೇಲೆ ಆ ಮಕ್ಕಳ ಅಪ್ಪ ಅಮ್ಮ ಮಾಡುವ ಕೆಲಸ ನೋಡಿ. ಪಾಯ ಹಾಕುವ ಮುಂಚೆ ಮೂಲೆ ನೇರ ಇದೆಯಾ ಅಂತ ಗಾರೆ ಮೇಸ್ತ್ರಿ ಹೇಗೆ ನೋಡುತ್ತಾರೆ? ಒಂದು ಬದಿ 3 ಅಡಿ, ಇನ್ನೊಂದು ಬದಿ 4 ಅಡಿ ಗುರುತು ಮಾಡಿ, ಎರಡರ ನಡುವೆ ದಾರ ಹಿಡಿಯುತ್ತಾರೆ. 5 ಅಡಿ ಬಂದರೆ ಮೂಲೆ ಮಟ್ಟ ಸರಿ. ಪೈಥಾಗೊರಸ್ ಪ್ರಮೇಯ ಅದೇ ಅಲ್ವಾ? ದೂರದ ಎರಡು ಕಂಬಗಳಿಗೆ ಒಂದೇ ಮಟ್ಟ ಗುರುತಿಸಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿಯುತ್ತಾರೆ. ನಿಮ್ಮ ದ್ರವದ ಒತ್ತಡದ ಪಾಠ ಅಲ್ಲಿ ನಿಂತಿದೆ. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಅಂತ ಬಾಂಡ್ಲಿಯಲ್ಲಿ ಅಳೆದು ಹಾಕುವ ತಾಯಿಗೆ ಅನುಪಾತ ಕೈಯಲ್ಲೇ ಇದೆ. ಅಮೆರಿಕದ ಟೂಸಾನ್ ನಗರದಲ್ಲಿ ಲೂಯಿಸ್ ಮೋಲ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ ಕೆಲಸ ಇದೇ ದಾರಿಯದು. ಶಿಕ್ಷಕರು ಮೆಕ್ಸಿಕೊ ಮೂಲದ ಕಾರ್ಮಿಕರ ಮನೆಗಳಿಗೆ ಹೋದರು. ಬುದ್ಧಿ ಹೇಳಲು ಹೋಗಲಿಲ್ಲ, ಆ ಮನೆಯವರಿಗೆ ಏನೇನು ಗೊತ್ತಿದೆ ಅಂತ ಕಲಿಯಲು ಹೋದರು. ಆಮೇಲೆ ಅದರ ಮೇಲೆ ಪಾಠ ಕಟ್ಟಿದರು.

ಪೋಷಕರು ಬರುವುದಿಲ್ಲ ಅಂದಿರಲ್ಲ, ಅದಕ್ಕೂ ಉತ್ತರ ಇಲ್ಲೇ ಇದೆ. ಮಧ್ಯಾಹ್ನದ ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಅಲ್ಲದೆ ಶಾಲೆಯಿಂದ ಕರೆ ಬಂತು ಅಂದರೆ ದೂರು ಅಂತಲೇ ಅರ್ಥ ಅವರಿಗೆ. 'ಮಗೂನ ನಿಮಗೆ ಒಪ್ಪಿಸಿದ್ದೀವಿ' ಅನ್ನುವವರು ಶಾಲೆಯ ಕೆಲಸದಲ್ಲಿ ತಾವು ತಲೆ ಹಾಕದೆ ಇರುವುದೇ ಗೌರವ ಅಂದುಕೊಂಡಿರುತ್ತಾರೆ. ಆದ್ದರಿಂದ ನೀವೇ ಹೋಗಿ. ಹೆಡ್ ಮಾಸ್ಟರ್ ಒಪ್ಪಿಗೆ ತೆಗೆದುಕೊಳ್ಳಿ, ಹಳೆಯ ಶಿಕ್ಷಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಶನಿವಾರ ಬಟವಾಡೆ ಆಗುವ ಕಡೆಗಳಲ್ಲಿ ಭಾನುವಾರ ಬೆಳಿಗ್ಗೆ ಮನಸ್ಸು ಸ್ವಲ್ಪ ಹಗುರ ಇರುತ್ತದೆ. ಮೊದಲ ಭೇಟಿಯಲ್ಲಿ ಮಗುವಿನ ಬಗ್ಗೆ ದೂರು ಬೇಡ, ಫೋಟೊ ಬೇಡ, 'ಯಾವ ಜನ' ಅನ್ನುವ ಪ್ರಶ್ನೆ ಯಾವ ರೂಪದಲ್ಲೂ ಬೇಡ. ಮೂಲೆ ಮಟ್ಟ ಹೇಗೆ ನೋಡುತ್ತೀರಿ, ನನಗೆ ಪಾಠಕ್ಕೆ ಬೇಕು, ಹೇಳಿಕೊಡಿ ಅಂತ ಕೇಳಿ. ಅವರು ಚಹಾ ಕೊಟ್ಟರೆ ಕುಡಿಯಿರಿ. ನೀರು ಕೊಟ್ಟರೂ ಕುಡಿಯಿರಿ. ನಮ್ಮ ನಾಡಿನಲ್ಲಿ ಯಾರ ಮನೆಯ ನೀರು ಯಾರು ಕುಡಿದರು ಅನ್ನುವುದನ್ನು ತಲೆಮಾರುಗಳಿಂದ ಜನ ಲೆಕ್ಕ ಇಟ್ಟಿದ್ದಾರೆ. ನಿಮ್ಮ ಲೋಟ ಖಾಲಿ ಆಗಿದ್ದನ್ನು ಆ ಹುಡುಗಿ ಖಂಡಿತ ನೋಡಿರುತ್ತಾಳೆ.

ಕೆಲವು ಕಡೆ ನೀವು ಬಗ್ಗಬಾರದು. 'ಹೊಡೆದು ಕಲಿಸ್ರಿ, ನಾವೇನೂ ಅನ್ನಂಗಿಲ್ಲ' ಅಂತ ಪ್ರೀತಿಯಿಂದಲೇ ಹೇಳುವ ಅಪ್ಪಂದಿರು ಸಿಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಅದನ್ನು ನಗುಮುಖದಿಂದಲೇ ಹೇಳಿ. 8ನೇ ತರಗತಿಯ ಹುಡುಗಿಗೆ ಮದುವೆ ಮಾತು ನಡೆದಿದೆ ಅಂತ ಕಿವಿಗೆ ಬಿದ್ದರೆ ಅದನ್ನು ಯಾರ ಪದ್ಧತಿ ಅಂತಲೂ ಬಿಡಬೇಡಿ. ಹೆಡ್ ಮಾಸ್ಟರ್‌ಗೆ ಹೇಳಿ, 1098ಕ್ಕೆ ಫೋನ್ ಮಾಡಿ.

ಇದಕ್ಕೊಂದು ಕೋರ್ಸ್ ಬೇಕಾ ಅಂತ ನಿಮ್ಮಂಥ ಬಹಳ ಜನ ನನ್ನನ್ನು ಕೇಳುತ್ತಾರೆ. ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮದಂತೆ ಎರಡನೇ ವರ್ಷದಲ್ಲಿ 16 ವಾರ ಇಂಟರ್ನ್‌ಶಿಪ್ ಇದೆ. ನಿಮಗೆ 3 ವಾರ ಕಳೆದಿದೆ, 13 ಉಳಿದಿದೆ. ಅದೇ ನಿಮ್ಮ ಕೋರ್ಸ್. ಮುಂದೆ ಕೆಲಸ ಸಿಕ್ಕ ಮೇಲೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಬಗ್ಗೆ ವಿಚಾರಿಸಿ. 1969ರಲ್ಲಿ ಶುರುವಾದ ಸಂಸ್ಥೆ ಅದು. ಶಿಕ್ಷಕರಿಗೆ ಇನ್ನೊಂದು ಭಾರತೀಯ ಭಾಷೆ ಕಲಿಸುವ 10 ತಿಂಗಳ ತರಬೇತಿಯನ್ನು ಅದರ ಪ್ರಾದೇಶಿಕ ಕೇಂದ್ರಗಳು ನಡೆಸಿಕೊಂಡು ಬಂದಿವೆ. ಅಲ್ಲಿಯವರೆಗೆ ಕಾಯಬೇಕಿಲ್ಲ. ಈ 13 ವಾರದಲ್ಲಿ ನಿಮ್ಮ ತರಗತಿಯ ಒಂದು ಭಾಷೆಯನ್ನು ಮಕ್ಕಳಿಂದಲೇ ಕಲಿಯಲು ಕೂತುಕೊಳ್ಳಿ. ದಿನಕ್ಕೆ ಐದು ಪದ ಸಾಕು. ತಪ್ಪು ಹೇಳಿ, ತಿದ್ದಿಸಿಕೊಳ್ಳಿ. ಬಾಯಿ ತೆರೆಯಲು ಹಿಂಜರಿಯುವುದು ಅಂದರೆ ಏನು ಅಂತ ಮೂರನೇ ದಿನಕ್ಕೆ ನಿಮಗೇ ಗೊತ್ತಾಗುತ್ತದೆ. ಕಲಿಸುವ ಜಾಗದಲ್ಲಿ ನಿಂತ ಮಗುವಿನ ಮುಖವನ್ನೂ ನೋಡುತ್ತೀರಿ.

ಕೊನೆಗೆ ಹೆಸರಿನ ವಿಷಯ. ಹಾಜರಿ ಪುಸ್ತಕದಲ್ಲಿ ಯಾರೋ ಅವಸರದಲ್ಲಿ ಬರೆದ ಹೆಸರನ್ನೇ ನಾವು ಹತ್ತು ವರ್ಷ ಕೂಗುತ್ತೇವೆ. ಉರ್ದು ಹೆಸರುಗಳು, ತಾಂಡಾದ ಹೆಸರುಗಳು ನಮ್ಮ ಬಾಯಲ್ಲಿ ಬೇರೆಯೇ ಆಗಿಬಿಡುತ್ತವೆ. ಮಕ್ಕಳು ತಿದ್ದುವುದಿಲ್ಲ, ಸುಮ್ನೆ 'ಎಸ್ ಮಿಸ್' ಅನ್ನುತ್ತಾರೆ. ಈ ಭಾನುವಾರ ಹೋದಾಗ ಆ ಹುಡುಗಿಯ ಹೆಸರನ್ನು ಅವಳ ಯಾಡಿ ಹೇಗೆ ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿಸಿಕೊಂಡು ಬನ್ನಿ. ಅವರ ಮುಂದೆಯೇ ಎರಡು ಸಲ ಹೇಳಿ ನೋಡಿ. ಸೋಮವಾರ ಹಾಜರಿಯಲ್ಲಿ ಹಾಗೇ ಕೂಗಿ. ಅವಳು ಮಾತಾಡದೆ ಬರೀ ಕೈ ಎತ್ತಿದರೂ ಹಾಜರಿ ಹಾಕಿಕೊಂಡು ಮುಂದಿನ ಹೆಸರಿಗೆ ಹೋಗಿ.